ಲಿವರು ಬೇಗಮರದು, ಪಥ್ಯ ಸಾಹೇಬರದು

“ಈ ಲಿವರನ್ನ ನಾನು ದಾರಿಗೆ ತರದೇ ಹೋದರೆ, ನನ್ನ ಹೆಸರು ಟ್ರಂಕು ಇಸಾಕ್ ಅಲ್ಲ!”

ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು ಹೀಗೆ ಘೋಷಿಸಿದವರು ಇಸಾಕ್ ಸಾಹೇಬರು. ಶಿರಾ ಪೇಟೆಯಲ್ಲಿ ಅವರನ್ನು ಅರಿಯದವರಿಲ್ಲ. ತಗಡಿನ ಟ್ರಂಕು ಮಾಡುವುದು ಅವರ ಕಸುಬು. ಸುತ್ತಲ ಹಳ್ಳಿಗಳಲ್ಲಿ ಮದುವೆಯಾದ ಹೆಣ್ಣು ಯಾವ ಜಾತಿಯವಳೇ ಆಗಲಿ, ಅವಳ ಸೀರೆಗಳು ಗಂಡನ ಮನೆಗೆ ಹೋಗುವುದು ಸಾಹೇಬರು ಗುಲಾಬಿ ಬಿಡಿಸಿದ ಟ್ರಂಕಿನಲ್ಲೇ! ಬೀಗರೆಲ್ಲ ಹತ್ತಿ ಕುಣಿದರೂ ಮುಚ್ಚಳ ತಗ್ಗುವುದಿಲ್ಲ ಎಂಬುದು ಅವರ ಜಂಬ. ತಮ್ಮ ಸುತ್ತಿಗೆಗೆ ಬಗ್ಗದ ವಸ್ತು ಈ ಭೂಮಂಡಲದಲ್ಲಿಲ್ಲ ಎಂದು ಅವರು ನಂಬಿದ್ದರು. ಅಂಥವರಿಗೆ ಲಿವರು ಯಾವ ಲೆಕ್ಕ?

ಆದರೆ ಲಿವರು ಅವರದಲ್ಲ. ಹೆಂಡತಿ ಅಖ್ತರ್ ಬೇಗಮರದು.

“ಊತ ಇದೆ,” ಎಂದಿದ್ದರು ಡಾಕ್ಟರು. “ಎಣ್ಣೆ, ತುಪ್ಪ, ಮಾಂಸ ಬಿಡಲಿ. ಬೀಸೋದು, ಕುಟ್ಟೋದು ಬೇಡ. ಹಾಗಂತ ಮಂಚಕ್ಕೆ ಅಂಟಿಕೊಂಡೂ ಇರಬಾರದು. ದಿನಾ ಮೆಲ್ಲಗೆ ಒಂದಷ್ಟು ಯೋಗಾಸನ ಮಾಡಲಿ. ದಣಿವಾಗೋಕೆ ಮುಂಚೆ ನಿಲ್ಲಿಸಲಿ. ಮಳೆಗಾಲ ಕಳೆದ ಮೇಲೆ ನೋಡೋಣ. ಊತ ಇಳಿಯದಿದ್ದರೆ ಬೆಂಗಳೂರಿಗೆ ಕಳಿಸಬೇಕಾಗುತ್ತೆ.”

ಬೆಂಗಳೂರಿನ ಆಸ್ಪತ್ರೆಗೆ ಹೋದವರು ವಾಪಸು ಬರುವುದು ಅನುಮಾನ ಎಂದು ಜನ ನಂಬಿದ್ದ ಕಾಲ ಅದು. ಬೇಗಂ ಇಲ್ಲದ ಮನೆಯನ್ನು ನೆನೆಯಲೂ ಸಾಹೇಬರಿಗೆ ಆಗಲಿಲ್ಲ. ಭಯವಾದಾಗಲೆಲ್ಲ ದನಿ ಏರಿಸುವುದು ಅವರ ಸ್ವಭಾವವಾದ್ದರಿಂದ ಮೆಟ್ಟಿಲ ಮೇಲೆ ಆ ಘೋಷಣೆ ಹೊರಟಿತು.

ಊರಲ್ಲಿ ಯೋಗಾಸನ ಬಲ್ಲವರೆಂದರೆ ಡ್ರಿಲ್ ಮೇಷ್ಟ್ರು ತಿಮ್ಮರಾಯಪ್ಪ. ಆದರೆ ಬೇಗಮರದು ಗೋಷಾ. ಪರಪುರುಷನೆದುರು ಹೋಗಿ ಕೈಕಾಲು ಎತ್ತುವುದುಂಟೆ?

“ನಾನು ಕಲಿತು ಬಂದು ನಿನಗೆ ಕಲಿಸ್ತೀನಿ ಬೇಗಂ! ವಿದ್ಯೆ ಏನು ತಗಡಾ, ಹೊತ್ತು ತರೋಕೆ ಭಾರ ಆಗೋಕೆ?”

“ದಾರೀಲಿ ಚೆಲ್ಲದೆ ತನ್ನಿ,” ಎಂದರು ಬೇಗಂ.

ಮೇಷ್ಟ್ರ ಮುಂದೆ ನಿಂತಾಗ ಇನ್ನೊಂದು ತೊಡಕು ಎದುರಾಯಿತು.

“ಯಾರ್ಗೆ ಸಾಬ್ರೇ ಕಾಯ್ಲೆ?”

ಮನೆಯ ಹೆಂಗಸಿನ ಹೆಸರನ್ನೇ ಬೀದಿಯಲ್ಲಿ ಎತ್ತದ ವಂಶ ಸಾಹೇಬರದು. ಇನ್ನು ಅವಳ ಲಿವರನ್ನು ಎತ್ತುತ್ತಾರೆಯೇ!

“ನನಗೇ!” ಎಂದುಬಿಟ್ಟರು.

ಮೇಷ್ಟ್ರು ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ನಿಮ್ಗಾ? ಒಳ್ಳೆ ಗುಂಡ್ಕಲ್ಲು ಇದ್ದಂಗಿದೀರಲ್ಲ!”

“ಹೊರಗೆ ಬಣ್ಣ ಚೆನ್ನಾಗಿದೆ ಮೇಷ್ಟ್ರೇ. ಒಳಗೆ ತುಕ್ಕು ಹಿಡಿದಿದೆ.”

ಪಾಠ ಶುರುವಾಯಿತು. ಮೇಷ್ಟ್ರು ಕಾಯಿಲೆಯವರೆಂದು ಸಾಹೇಬರನ್ನು ಬಾಣಂತಿಯಂತೆ ನೋಡಿಕೊಂಡರು. “ಮೆಲ್ಲಕ್ಕೆ ಸಾಬ್ರೇ. ಉಸ್ರು ಎಳ್ಕಳಿ… ಬುಡಿ. ಸಾಕು ಸಾಕು, ಆಯಾಸ ಆದಾತು!”

ಸಾಹೇಬರಿಗೆ ಇದು ಹಿಡಿಸಲಿಲ್ಲ. ಬೆವರೇ ಬಾರದ ಕೆಲಸ ಎಂಥ ಕೆಲಸ! ಕಲಿತದ್ದನ್ನು ಬಾಯಲ್ಲಿ ಉರುಹೊಡೆಯುತ್ತ ಮನೆಗೆ ಓಡಿ ಬಂದು, ತಮ್ಮ ಕಡೆಯಿಂದ ಒಂದಷ್ಟು ಸುಧಾರಣೆ ಸೇರಿಸಿದರು. ಮೇಷ್ಟ್ರು ತಲೆ ಗೇಣುದ್ದ ಎತ್ತಿ ಎಂದಿದ್ದರೆ ಸಾಹೇಬರು ಸೂರು ಕಾಣುವವರೆಗೆ ಎತ್ತಿಸಿದರು. ತಾಳಕ್ಕೆಂದು ತಗಡಿನ ಮೇಲೆ ಸುತ್ತಿಗೆ ಬಾರಿಸತೊಡಗಿದರು. ಢಣ್! ಏಳು! ಢಣ್! ಬಾಗು!

“ಏನ್ರೀ, ಇದು ಲಿವರಿಗಾ, ಟ್ರಂಕಿಗಾ?” ಎಂದು ಬೇಗಂ ಏದುಸಿರು ಬಿಟ್ಟರು. ವಾರ ಕಳೆಯುವುದರೊಳಗೆ ಅವರ ಪಕ್ಕೆ ಹಿಡಿದುಕೊಂಡಿತು.

“ಹಾಗಾದ್ರೆ ಕಾಯಿಲೆ ಹೆದರಿದೆ ಅಂತ ಅರ್ಥ!” ಎಂದರು ಸಾಹೇಬರು.

ಮರುದಿನದಿಂದ ಬೇಗಂ ತಗಾದೆ ಮಾಡಲಿಲ್ಲ. “ನೀವು ತೋರಿಸಿಕೊಟ್ಟು ಅಂಗಡಿಗೆ ಹೋಗಿ. ನಾನು ಆಮೇಲೆ ಮಾಡಿಕೊಳ್ತೀನಿ,” ಎಂದರು. ಶಿಷ್ಯೆಯ ಈ ವಿನಯ ಕಂಡು ಗುರುಗಳು ಉಬ್ಬಿಹೋದರು.

ಇತ್ತ ಪೇಟೆಯಲ್ಲಿ ಸುದ್ದಿಗೆ ಕಾಲು ಬಂದಿತ್ತು. ಸಾಹೇಬರ ಅಂಗಡಿಯ ಎದುರಿಗೇ ಕುತುಬುದ್ದೀನರ ಅತ್ತರಿನ ಅಂಗಡಿ. ಅತ್ತರಿಗಿಂತ ಬೇಗ ಹರಡುವುದು ಅವರ ಬಾಯಿಂದ ಹೊರಟ ಮಾತು. ಇಸಾಕ್ ಭಾಯಿಗೆ ಲಿವರಂತೆ! ಪಾಪ, ಒಳಗೆಲ್ಲ ತುಕ್ಕಂತೆ!

ಅದೇ ಸಮಯಕ್ಕೆ ಪೇಟೆಯ ನಸ್ರುಲ್ಲಾ ಎಂಬವರ ಮಗಳ ಮದುವೆ ಬಂತು. ಬಿರಿಯಾನಿಯ ದೇಗಿನ ಮುಚ್ಚಳ ತೆಗೆದಾಗ ಎದ್ದ ಘಮಕ್ಕೆ ಮಲಗಿದ್ದ ಮುದುಕರೂ ಎದ್ದು ಕೂತರು. ಸಾಹೇಬರು ಅಂಗಿಯ ತೋಳು ಮಡಚಿ ಸಜ್ಜಾದರು. ತಟ್ಟೆ ಇನ್ನೇನು ಅವರ ಮುಂದೆ ಇಳಿಯಬೇಕು…

“ಅರೇ, ಅರೇ! ಇಸಾಕ್ ಭಾಯಿಗೆ ಇಡಬೇಡಿ!” ಕುತುಬುದ್ದೀನ್ ಕೂಗಿದರು. “ಕೊಂದುಬಿಡ್ತೀರಾ ಅವರನ್ನ? ಗಂಜಿ ತನ್ನಿ!”

“ನನಗೇನೂ ಆಗಿಲ್ಲ ಕುತುಬು!”

“ಮೇಷ್ಟ್ರ ಹತ್ತಿರ ದಿನಾ ಹೋಗೋದು ಯಾಕೆ ಹಾಗಾದ್ರೆ? ಲಿವರು ಯಾರದು?”

ಮಂದಿಯೆಲ್ಲ ಕೈ ತಡೆದು ಸಾಹೇಬರ ಮುಖ ನೋಡಿತು. ಸಾಹೇಬರು ಉಗುಳು ನುಂಗಿದರು. “ನನ್ನದೇ,” ಎಂದು ಉಪ್ಪಿಲ್ಲದ ಗಂಜಿಗೆ ಬಾಯಿಟ್ಟರು. ಪಕ್ಕದವನು ನಲ್ಲಿಮೂಳೆ ಚೀಪುವ ಸದ್ದು ಅವರ ಕಿವಿಗೆ ಕಾದ ಸೀಸದಂತೆ ಇಳಿಯಿತು.

ಆಮೇಲೆ ಮದ್ದುಗಳ ದಂಡಯಾತ್ರೆ! ಬಡವನಹಳ್ಳಿಯಿಂದ ನೆಲನೆಲ್ಲಿ ಬಂತು. ಅದನ್ನು ಅರೆದು ದಿನಾ ಒಂದು ಲೋಟ ಕುಡಿಸುವ ಭಾರವನ್ನು ಮೇಷ್ಟ್ರು ಹೊತ್ತುಕೊಂಡರು. ಪಾವಗಡದ ಕಡೆಯಿಂದ ಕದಿರಯ್ಯನೆಂಬ ಬರೆ ಹಾಕುವವನು ಕಬ್ಬಿಣದ ಕಡ್ಡಿ ಸಮೇತ ಅಂಗಡಿಗೇ ಬಂದು, ಸಾಹೇಬರದೇ ಕುಲುಮೆಯಲ್ಲಿ ಅದನ್ನು ಕೆಂಪಗೆ ಕಾಯಿಸಿ, “ಒಕ್ಕ ವಾತ ಪೆಟ್ಟಿತೆ ಚಾಲು ಸಾಬ್ರೇ! ಒಂದೇ ಬರೆ, ಜನ್ಮಕ್ಕೂ ಲಿವರು ಬರಲ್ಲ!” ಎಂದು ಮುಂಗೈ ಹಿಡಿದ. ಅಂದು ಸಾಹೇಬರು ಓಡಿದ ಓಟವನ್ನು ಶಿರಾದ ಕುದುರೆಗಳು ನೋಡಿ ನಾಚಿಕೊಂಡವು.

ವ್ಯಾಪಾರವೇನೋ ಹೆಚ್ಚಿತು. ಆದರೆ ಹೇಗೆ? “ನಮ್ಮುಡ್ಗಿ ಇನ್ನಾ ಸಣ್ಣೋಳು ಸಾಬ್ರೇ, ಆದ್ರೂ ಟ್ರಂಕು ಈಗ್ಲೇ ಮಾಡ್ಕೊಟ್ಬುಡಿ,” ಎನ್ನುತ್ತಿದ್ದರು ಹಳ್ಳಿಯವರು. “ಆಮ್ಯಾಕೆ ಹೆಂಗೋ, ಏನೋ!”

ಇಷ್ಟೆಲ್ಲ ಸಹಿಸಿಯೂ ಸಾಹೇಬರು ತಲೆಯೆತ್ತಿ ನಡೆದರು. ಯಾಕೆಂದರೆ ಮನೆಯಲ್ಲಿ ಬೇಗಮರ ಕಣ್ಣಿನ ಹಳದಿ ತಿಳಿಯಾಗುತ್ತಿತ್ತು. ಊಟ ರುಚಿಸುತ್ತಿತ್ತು. ಅವರು ನಕ್ಕಾಗ ಸಾಹೇಬರಿಗೆ ತಾವು ಬಿಟ್ಟ ಬಿರಿಯಾನಿಯೆಲ್ಲ ಹೊಟ್ಟೆ ಸೇರಿದಂತಾಗುತ್ತಿತ್ತು. ‘ನನ್ನ ವಿದ್ಯೆ!’ ಎಂದು ಮೀಸೆ ತಿರುವುತ್ತಿದ್ದರು.

ಮಳೆಗಾಲ ಕಳೆಯಿತು. ಡಾಕ್ಟರು ಬೇಗಮರನ್ನು ಪರೀಕ್ಷಿಸುವಷ್ಟು ಹೊತ್ತೂ ಸಾಹೇಬರು ಪರದೆಯಾಚೆ ಉಸಿರು ಬಿಗಿಹಿಡಿದು ನಿಂತಿದ್ದರು. ಅವರು ನಿಜವಾಗಿ ಮಾಡಿದ ಪ್ರಾಣಾಯಾಮ ಅದೊಂದೇ.

“ಊತ ಇಳಿದಿದೆ,” ಎಂದರು ಡಾಕ್ಟರು. “ಬೆಂಗಳೂರು ಬೇಡ. ಇದು ಪೂರ್ತಿ ಬಿಟ್ಟುಹೋಗೋ ಕಾಯಿಲೆಯಲ್ಲ. ಪಥ್ಯ, ಆಸನ ಎರಡೂ ಹೀಗೇ ನಡೀಲಿ. ಬಹಳ ಹದವಾಗಿ ಮಾಡಿದ್ದಾರೆ. ಯಾರು ಕಲಿಸಿದ್ದು?”

ಸಾಹೇಬರು ಕಣ್ಣೊರೆಸಿಕೊಂಡರು. ಎದೆ ಮುಂದೆ ಬಂತು. “ನಾನೇ!”

“ಹೌದಾ! ಎಲ್ಲಿ, ಒಂದು ಭುಜಂಗಾಸನ ತೋರಿಸಿ.”

ಕೇಳಬೇಕೆ! ಸಾಹೇಬರು ನೆಲಕ್ಕೆ ಬಿದ್ದರು. ಬಾಯಲ್ಲೇ ಢಣ್ ಎಂದು ಸುತ್ತಿಗೆ ಬಾರಿಸಿಕೊಂಡು ಮೇಲೆದ್ದ ರಭಸಕ್ಕೆ ಔಷಧಿಯ ಸ್ಟೂಲು ಒಂದು ಕಡೆ, ಟೋಪಿ ಒಂದು ಕಡೆ!

“ನಿಲ್ಲಿಸ್ರೀ!” ಡಾಕ್ಟರು ಕುರ್ಚಿ ಬಿಟ್ಟು ಎದ್ದರು. “ಹೀಗೆ ಮಾಡಿದ್ದರೆ ಇವರ ಲಿವರು ಇಷ್ಟೊತ್ತಿಗೆ ಹಿರಿಯೂರಲ್ಲಿರ್ತಿತ್ತು!”

ಬುರ್ಖಾದೊಳಗಿಂದ ಕಿಸಕ್ಕೆಂದು ನಗು ಬಂತು. “ಇವರು ಕಲಿಸಿದ್ದು ಹೀಗೇ ಡಾಕ್ಟರೇ. ನಾನು ಮಾಡಿದ್ದು ಹೀಗಲ್ಲ.”

ಹಿಂದಿರುಗುವ ಜಟಕಾದಲ್ಲಿ ವಿಚಾರಣೆ ನಡೆಯಿತು.

“ಮೇಷ್ಟ್ರ ಹೆಂಡತಿ ಚಿಕ್ಕಲಕ್ಷ್ಮಮ್ಮ ಇದಾರಲ್ಲ,” ಎಂದರು ಬೇಗಂ. “ಗಂಡನಷ್ಟೇ ಬರುತ್ತೆ ಅವರಿಗೂ. ಪಕ್ಕೆ ಹಿಡಿದ ದಿನವೇ ಕರೆಸಿದೆ. ಆವತ್ತಿಂದ ದಿನಾ ಮಧ್ಯಾಹ್ನ ಬಂದು ಮಾಡಿಸ್ತಾರೆ. ಹೆಂಗಸಿಗೆ ಹೆಂಗಸು ಕಲಿಸಿದರೆ ಗೋಷಾ ಎಲ್ಲಿ ಕೆಡುತ್ತೆ?”

ಇಷ್ಟು ಸಣ್ಣ ಉಪಾಯ ತಮ್ಮ ದೊಡ್ಡ ತಲೆಗೆ ಹೊಳೆಯಲಿಲ್ಲವಲ್ಲ! ಸಾಹೇಬರು ಹಣೆ ಚಚ್ಚಿಕೊಂಡರು.

“ಹಾಗಾದ್ರೆ ಲಿವರು ನಿನ್ನದು ಅಂತ ಮೇಷ್ಟ್ರಿಗೆ ಗೊತ್ತಾ?”

“ಆವತ್ತಿಂದಲೇ.”

“ಮತ್ತೆ ನನಗೆ ದಿನಾ ಆ ಕಹಿ ರಸ ಕುಡಿಸಿದ್ದು?”

“ನಾನೇ ಹೇಳಿಸಿದ್ದು. ಹೆಂಡತಿ ಗಂಜಿ ಕುಡೀವಾಗ ಗಂಡ ಬಿರಿಯಾನಿ ತಿಂದ್ರೆ ಅರಗುತ್ತಾ?”

“ಒಂದು ಮಾತು ಹೇಳಬಾರದಿತ್ತಾ ಬೇಗಂ?”

“ಹೇಳೋಣ ಅಂತಲೇ ಇದ್ದೆ. ದಿನಾ ಬೆಳಿಗ್ಗೆ ಪಾಠ ಮರೆತುಹೋದೀತು ಅಂತ ಗೊಣಗಿಕೊಳ್ತಾ, ಎಡವುತ್ತಾ, ನನಗೋಸ್ಕರ ಓಡಿ ಬರ್ತಿದ್ರಲ್ಲ… ಹೇಳೋಕೆ ಬಾಯಿ ಬರಲಿಲ್ಲ. ಇನ್ನು ಸಾಕು. ಲಿವರು ನನ್ನದು ಅಂತ ಎಲ್ಲರಿಗೂ ಹೇಳಿಬಿಡಿ. ಅದೇನು ಕದ್ದ ಮಾಲಲ್ಲವಲ್ಲ!”

ಸಾಹೇಬರಿಗೆ ನಾಚಿಕೆಯೂ ಆಯಿತು, ಅದಕ್ಕಿಂತ ಹೆಚ್ಚಾಗಿ ಹೆಮ್ಮೆಯಾಯಿತು. ಈ ಸಲದ ಹೆಮ್ಮೆ ತಮ್ಮ ಮೇಲಲ್ಲ, ಪಕ್ಕದಲ್ಲಿ ಕೂತವರ ಮೇಲೆ! ಪೇಟೆ ಬೀದಿಯಲ್ಲಿ ಜಟಕಾ ನಿಲ್ಲಿಸಿ, ಧುಮುಕಿ, ಅತ್ತರಿನ ಅಂಗಡಿಯ ಮುಂದೆ ಎದೆ ಸೆಟೆದು ನಿಂತರು.

“ಎಲ್ಲರೂ ಕೇಳ್ರಪ್ಪಾ! ಕಾಯಿಲೆ ನನ್ನದಲ್ಲ, ನಮ್ಮ ಬೇಗಂದು! ದಿನಾ ಯೋಗಾಸನ ಮಾಡಿ, ಬಾಯಿ ಕಟ್ಟಿ, ಊತ ಇಳಿಸಿಕೊಂಡಿದ್ದಾಳೆ. ಅವಳಿಗಿರೋ ತಾಳ್ಮೆ ನನಗಿಲ್ಲ. ಆಸನ ಮಾಡೋಕೂ ನನಗೆ ಬರಲ್ಲ, ಕಲಿಸೋಕೂ ಬರಲ್ಲ!”

ಕುತುಬುದ್ದೀನ್ ಗಲ್ಲಾ ಬಿಟ್ಟು ಇಳಿದು ಬಂದರು. ಸಾಹೇಬರ ಹಣೆ ಮುಟ್ಟಿ ನೋಡಿದರು. ಕೆನ್ನೆ ಮುಟ್ಟಿ ನೋಡಿದರು. ಅವರ ಕಣ್ಣಲ್ಲಿ ನೀರಾಡಿತು.

“ಯಾರಾದ್ರೂ ಡಾಕ್ಟರನ್ನ ಕರೀರಪ್ಪ, ಬೇಗ!” ಎಂದು ಕೂಗಿದರು. “ಪಿತ್ತ ನೆತ್ತಿಗೇರಿಬಿಟ್ಟಿದೆ! ಇಸಾಕ್ ಭಾಯಿ ‘ನನಗೆ ಬರಲ್ಲ’ ಅಂತಿದ್ದಾರೆ!”