ಬೆಲ್ಲದ ಸುತ್ತಿಗೆಯಲ್ಲಿ ವಜ್ರಪರೀಕ್ಷೆ

ನನಗೊಂದು ಕೆಟ್ಟ ಚಟವಿದೆ. ಯಾರಾದರೂ ಏನನ್ನಾದರೂ ಹೌದು ಎಂದರೆ ಸಾಕು, ಆಧಾರ ಕೇಳುತ್ತೇನೆ. ಜಮಖಂಡಿಯ ಕಾಲೇಜಿನಲ್ಲಿ ಚರ್ಚಾಸ್ಪರ್ಧೆ ಗೆದ್ದಾಗಲೆಲ್ಲ ಸ್ಟೀಲಿನ ಡಬ್ಬಿ ಬಹುಮಾನ ಕೊಟ್ಟು ನನ್ನನ್ನು ಇನ್ನಷ್ಟು ಹಾಳುಮಾಡಿದರು. ಅವ್ವ ಅವುಗಳಲ್ಲಿ ಶೇಂಗಾಚಟ್ನಿ ತುಂಬಿಟ್ಟಿದ್ದಾಳೆ. ನನ್ನ ವಾದಗಳಿಂದ ಮನೆಗಾದ ಉಪಯೋಗ ಅಷ್ಟೇ. ಇಂಥ ನಾನು ಈ ವರ್ಷ ವಜ್ರ ಮತ್ತು ಬಣ್ಣದ ಹರಳುಗಳನ್ನು ಗುರುತಿಸಲು ಕಲಿಸುವ ಕೋರ್ಸಿಗೆ ಸೇರಿದೆ. ವಜ್ರಕ್ಕಿಂತ ಗಟ್ಟಿಯಾದ ಹರಳಿಲ್ಲ ಎಂಬುದು ಮೊದಲ ಪಾಠ. ಅಷ್ಟು ಜ್ಞಾನ ಧಾರಾಳವಾಯಿತೆನಿಸಿ, ರಜೆಗೆ ಮಹಾಲಿಂಗಪುರದ ಮಾಮಾನ ಮನೆಗೆ ಬಂದೆ.

ಮಾಮಾ ಬೆಲ್ಲದ ವ್ಯಾಪಾರಿ. ಮದುವೆಯಲ್ಲಿ ಅವರು ಅತ್ತೆಗೆ ವಜ್ರದ್ದೆಂದು ಕೊಟ್ಟ ಮೂಗುಬಟ್ಟಿನ ಹರಳು ಸಡಿಲಾಗಿ ಕಳಚಿತ್ತು. ಮತ್ತೆ ಕೂರಿಸಲು ಪತ್ತಾರನ ಬಳಿ ಒಯ್ಯಲೆಂದು ತಟ್ಟೆಯಲ್ಲಿಟ್ಟಿದ್ದರು. ಇದು ವಜ್ರವೆಂಬುದಕ್ಕೆ ಏನು ಆಧಾರ ಎಂದೆ. ಮಾರಿದವನು ಹೇಳಿದ್ದಾನೆ ಎಂದರು ಮಾಮಾ. ಮಾರುವವನ ಮಾತು ಸಾಕ್ಷ್ಯವಲ್ಲ, ಗಟ್ಟಿತನವೇ ಸಾಕ್ಷ್ಯ, ನಿಜವಾದ ವಜ್ರ ಯಾವ ಏಟಿಗೂ ಜಗ್ಗುವುದಿಲ್ಲ ಎಂದು ಚಹಾ ಆರುವವರೆಗೂ ವಾದಿಸಿದೆ. ಕೊನೆಗೆ ಮಾಮಾ ಬೆಲ್ಲದ ಪೆಂಟಿ ಒಡೆಯುವ ಸುತ್ತಿಗೆ ತಂದು ನನ್ನ ಕೈಗಿಟ್ಟರು.

“ಹೊಡಿ ಲೇ. ನಂದು ಖರೆ ಐತಿ.”

ಹೊಡೆದೆ. ಹರಳು ನುಚ್ಚಾಯಿತು. ಗಾಜು ಎಂದು ತೀರ್ಪು ಕೊಟ್ಟೆ. ಅತ್ತೆ ನನ್ನ ಕಡೆ ನೋಡಲೇ ಇಲ್ಲ, ಮಾಮಾನನ್ನು ನೋಡಿದರು.

“ಇಷ್ಟು ವರ್ಷ ಗಾಜ ಇಟ್ಟಗೊಂಡು ಊರಾಗ ಮೆರದ್ನಲ್ರೀ.”

ಅಂದಿನಿಂದ ಅತ್ತೆ ಗಂಡನಿಗೆ ಹೇಳಬೇಕಾದ್ದನ್ನೆಲ್ಲ ಬೆಕ್ಕಿಗೆ ಹೇಳತೊಡಗಿದರು. ನಾನು ಚೂರುಗಳನ್ನು ಪುಡಿಕೆ ಕಟ್ಟಿಕೊಂಡು, ಗೆಳೆಯರಿಗೆ ತೋರಿಸಲೆಂದು, ಹೆಮ್ಮೆಯಿಂದ ಕ್ಲಾಸಿಗೆ ಮರಳಿದೆ.

ಎರಡನೆಯ ಪಾಠ ಅಲ್ಲಿ ಕಾದಿತ್ತು. ಗೀರು ಬೀಳದಿರುವುದು ಬೇರೆ, ಏಟು ತಡೆಯುವುದು ಬೇರೆ. ವಜ್ರವನ್ನು ಗೀರಲು ವಜ್ರವೇ ಬೇಕು, ಸೀಳಲು ಒಂದು ಸುತ್ತಿಗೆ ಸಾಕು ಎಂದರು ಮೇಡಂ. ಪುಡಿಕೆ ಬಿಚ್ಚಿದೆ. ಲ್ಯಾಬಿನಲ್ಲಿ ಪರೀಕ್ಷಿಸಿದರೆ, ಚೂರು ಚೂರೂ ವಜ್ರವೇ. ಸುಮ್ಮನಿದ್ದರೆ ಮಾಮಾ ಹೆಂಡತಿಯ ಕಣ್ಣಿನಲ್ಲಿ ಮೋಸಗಾರರಾಗಿಯೇ ಉಳಿಯುತ್ತಾರೆ; ಹೇಳಿದರೆ ನಾನು ವಜ್ರ ಕುಟ್ಟಿದ ಗಾಂಪ. ರೂಢಿಯಂತೆ ಎರಡೂ ಪಕ್ಷ ವಾದಿಸಿ ನೋಡಿದೆ. ಸುಮ್ಮನಿರುವ ಪಕ್ಷಕ್ಕೇ ಬಲವಾದ ಅಂಶಗಳು ಸಿಕ್ಕವೆಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೂ ಬಸ್ಸು ಹತ್ತಿದೆ.

ಬೈಗುಳಕ್ಕೆ ಸಿದ್ಧನಾಗಿ ಹೋಗಿ ಇದ್ದದ್ದನ್ನು ಹೇಳಿದರೆ ಮಾಮಾ ಬೈಯಲಿಲ್ಲ. ಕೈ ಹಿಡಿದು ಪೇಟೆಗೆ ಕರೆದೊಯ್ದು, ಅಂಗಡಿ ಅಂಗಡಿಗೂ ನಿಲ್ಲಿಸಿದರು. “ನಮ್ಮ ಅಳಿಯ ಒಡದು ನೋಡ್ಯಾನ್ರಿ. ಖರೇನ ವಜ್ರ.” ವ್ಯಾಪಾರಿಗಳು ತಲೆದೂಗಿದರು, ಉಂಗುರವಿದ್ದವರು ಕೈಯನ್ನು ಮೆಲ್ಲಗೆ ಕಿಸೆಗೆ ಸೇರಿಸಿದರು.

ಊಟಕ್ಕೆ ಕೂತಾಗ ಅತ್ತೆ ಗಂಡನೊಡನೆ ನೇರವಾಗಿಯೇ ಮಾತಾಡುತ್ತಿದ್ದರು. ನನಗೆ ರೊಟ್ಟಿ ಹಾಕುತ್ತ, “ಜ್ವಾಳದ್ದ ಐತೆಪಾ. ತಿಂದು ನೋಡಿದ್ರ ಸಾಕು” ಎಂದರು. ತಲೆ ಎತ್ತಿದೆ. ಮೂಗಿನ ತೂತು ಮುಚ್ಚದಿರಲೆಂದು ಅಲ್ಲೊಂದು ಬೇವಿನ ಕಡ್ಡಿ ಸಿಕ್ಕಿಸಿಕೊಂಡಿದ್ದರು. ಅದು ಬೇವಿನದೇ ಆಗಬೇಕೆಂಬುದಕ್ಕೆ ಏನು ಆಧಾರ ಎಂಬ ಪ್ರಶ್ನೆ ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ದೊಡ್ಡದೊಂದು ತುತ್ತು ತುರುಕಿಕೊಂಡೆ.