ಬಾಮೈದನ ಸೈಕಲ್ಲಿನ ಮೇಲೊಂದು ದೂರು

ಬಾಮೈದ ನಮ್ಮನ್ನು ಹಿಂದೆ ಹಾಕಿ ಹೋದರೆ ಸಹಿಸಬಹುದು. ಹಾಡು ಗುನುಗುತ್ತಾ ಹೋದರೆ ಹೇಗೆ ಸಹಿಸುವುದು? ಬೆಲ್ಲೂನೊ ಊರಿನ ಔಷಧಿ ಅಂಗಡಿಯ ಓಸ್ವಾಲ್ಡೊ ಹನ್ನೊಂದು ವರ್ಷದಿಂದ ಈ ಅವಮಾನ ನುಂಗುತ್ತಿದ್ದ. ಪ್ರತಿ ಜೂನ್‌ನಲ್ಲಿ ಹವ್ಯಾಸಿಗಳ ನೂರಮೂವತ್ತು ಕಿಲೋಮೀಟರ್ ಸೈಕಲ್ ರೇಸು. ಪ್ರತಿ ಸಲವೂ ಕೊನೆಯ ಘಾಟಿಯಲ್ಲಿ ಮಾಂಸದಂಗಡಿಯ ದುಯಿಲಿಯೊ ತನ್ನ ಗುಡಾಣದಂಥ ಹೊಟ್ಟೆ ಹೊತ್ತುಕೊಂಡು, "ನಿಧಾನಕ್ಕೆ ಬನ್ನಿ ಭಾವ" ಎಂದು ದಾಟಿಬಿಡುತ್ತಿದ್ದ. ಆಮೇಲೆ ವಾರಗಟ್ಟಲೆ ಓಸ್ವಾಲ್ಡೊ ಊಟದ ಪೊಲೆಂಟಾ, ಅಂದರೆ ಮೆಕ್ಕೆಜೋಳದ ಮುದ್ದೆಯ, ತಟ್ಟೆ ದೂರ ತಳ್ಳುತ್ತಿದ್ದ, ಬೆಕ್ಕನ್ನೂ ಗದರುತ್ತಿದ್ದ.

ಈ ವರ್ಷ ದೈವ ಕಣ್ತೆರೆಯಿತು. ಅದೇ ಘಾಟಿಯಲ್ಲಿ, ಕಾಲಿಗೆ ಮಹಾಶಕ್ತಿಯೊಂದು ಆವಾಹನೆಯಾದಂತೆ, ಮುನ್ನೂರು ಜನರನ್ನು ಹಿಂದೆ ಹಾಕಿದ. (ಸೈಕಲ್ ಕೊಂಚ ಭಾರ ಅನ್ನಿಸಿತ್ತು, ಹೊಸ ಟೈರು ಎಂದಿದ್ದ ಮೆಕ್ಯಾನಿಕ್.) ತುದಿ ಮುಟ್ಟಿ ನೋಡಿದರೆ ದುಯಿಲಿಯೊ ಆಗಲೇ ಕಲ್ಲಂಗಡಿ ತಿನ್ನುತ್ತಾ ನಿಂತಿದ್ದಾನೆ.

"ಇಷ್ಟು ಬಲ ಬಂದ ನನ್ನನ್ನೂ ಸೋಲಿಸಿದ ಅಂದ್ರೆ ಅವನ ಸೈಕಲ್ಲಲ್ಲಿ ಮೋಟರ್ ಅಡಗಿಸಿದಾನೆ," ಎಂದ ಹೆಂಡತಿಗೆ. "ದೂರು ಕೊಡ್ತೀನಿ."

ನಿವೆಸ್ ಬಿಳಿಚಿಕೊಂಡಳು. "ಬೇಡ. ಮನೆಗೆ ಹೋಗೋಣ."

"ತಮ್ಮನ ಮೇಲೆ ಪ್ರೀತಿ ಉಕ್ಕಿತಾ?"

"ನಿನ್ನ ಮೇಲೇ ಉಕ್ಕಿದೆ ಮಾರಾಯ. ದಮ್ಮಯ್ಯ, ಸುಮ್ಮನಿರು."

ಹೆಂಡತಿಯ ಮಾತು ಕೇಳುವ ಬುದ್ಧಿ ಇದ್ದಿದ್ದರೆ ಅವನು ಓಸ್ವಾಲ್ಡೊ ಯಾಕಾಗುತ್ತಿದ್ದ? ದೂರು ಬರೆದುಕೊಟ್ಟ. ತಪಾಸಣೆಯ ಹೆಂಗಸು ಶಾಖ ಹಿಡಿಯುವ ಕ್ಯಾಮೆರಾವನ್ನು ದುಯಿಲಿಯೊನ ಸೈಕಲ್ಲಿನತ್ತ ಹಿಡಿದಳು. ಪರದೆ ತುಂಬ ತಣ್ಣನೆಯ ನೀಲಿ, ಮೋಟರಿನ ಸುಳಿವೇ ಇಲ್ಲ.

"ದೂರು ಕೊಟ್ಟವರದ್ದನ್ನೂ ನೋಡ್ಬೇಕು, ನಿಯಮ," ಎಂದು ಕ್ಯಾಮೆರಾ ತಿರುಗಿಸಿದಳು.

"ನೋಡಿ, ಧಾರಾಳವಾಗಿ ನೋಡಿ," ಎಂದ ಓಸ್ವಾಲ್ಡೊ ಎದೆಯುಬ್ಬಿಸಿ.

ಸೀಟಿನ ಕೆಳಗಿನ ಕೊಳವೆ ಕೆಂಡದಂತೆ ಹೊಳೆಯಿತು. ಬಿಚ್ಚಿದಾಗ ಸೌತೆಕಾಯಿ ಗಾತ್ರದ ಮೋಟರ್ ಒಂದು ಹೊರಬಂತು. ಜನ ಸೇರಿದರು. ಓಸ್ವಾಲ್ಡೊ ಹೆಂಡತಿಯ ಕಡೆ ನೋಡಿದ, ಅವಳು ನೆಲ ನೋಡಿದಳು.

"ಕಾಲು ಸೋತಾಗ ತಾನೇ ತಿರುಗೋ ಹಾಗೆ ಹಾಕಿಸಿದ್ದೆ," ಎಂದಳು ಮೆಲ್ಲಗೆ. "ಒಂದು ವರ್ಷವಾದ್ರೂ ಗೆದ್ದು ಮನೇಲಿ ನಗ್ತಾ ಓಡಾಡ್ಲಿ ಅಂತ."

ಐದು ವರ್ಷ ಯಾವ ರೇಸಿಗೂ ಕಾಲಿಡುವಂತಿಲ್ಲ ಎಂದು ಅಲ್ಲೇ ಬರೆದು ಕೈಗೆ ಕೊಟ್ಟರು. "ಪಾಪ, ಭಾವಂಗೆ ಗೊತ್ತೇ ಇರ್ಲಿಲ್ಲ, ಬಿಟ್ಟುಬಿಡಿ," ಎಂದು ದುಯಿಲಿಯೊ ಗೋಗರೆದದ್ದು ಗಾಯಕ್ಕೆ ಉಪ್ಪು ಸವರಿದಂತಾಯಿತು.

ಕಾರಿನಲ್ಲಿ ಅರ್ಧ ದಾರಿಗೆ ಬಂದಾಗ ಓಸ್ವಾಲ್ಡೊ ಕೇಳಿದ: "ಮೋಟರ್ ಇದ್ದೂ ಸೋತೆನಲ್ಲ, ನಿವೆಸ್?"

"ನನಗೂ ಅದೇ ಯೋಚನೆ," ಎಂದಳು ಅವಳು. "ಮೋಟರ್ ಕೊಟ್ಟೋನು, ಇದನ್ನ ಹಾಕಿದ್ರೆ ಎಂಥಾ ಮುದುಕರೂ ಗೆಲ್ತಾರೆ ಅಂದಿದ್ದ."