ಹೇಗೂ ಕೈ ಹಾಕಿದ್ದೀರಲ್ಲ

ಲಿಫ್ಟು ಮನುಷ್ಯರನ್ನು ಕೆಳಗಿನಿಂದ ಮೇಲಕ್ಕೆ ಒಯ್ಯುವ ಸಾಧನ. ಒಂದು ಕಂಪನಿ ಪ್ರೋಗ್ರಾಮ್ ಬರೆದುಕೊಟ್ಟ ಲಿಫ್ಟುಗಳೂ ಅದನ್ನೇ ಮಾಡುತ್ತಿದ್ದವು; ಕೊನೆಯ ಮಹಡಿಗೆ ಮಾತ್ರ ಹೋಗುತ್ತಿರಲಿಲ್ಲ. ಇದನ್ನು ದೋಷವೆಂದು ಯಾರೂ ಭಾವಿಸಿರಲಿಲ್ಲ. ಕೊನೆಯ ಮಹಡಿಯವರಿಗೆ ಗಾಳಿ ಬೆಳಕು ಚೆನ್ನಾಗಿರುತ್ತದೆ. ಎಲ್ಲವೂ ಅವರಿಗೇ ಬೇಕೆಂದರೆ ಹೇಗೆ?

ಭಾವಿಸಿದವಳು ಒಬ್ಬಳೇ, ಅದೇ ಕಂಪನಿಯ ಪ್ರೋಗ್ರಾಮರ್. ಅವಳ ಅಮ್ಮನ ಮನೆ ನಾಲ್ಕನೆಯ ಮಹಡಿಯಲ್ಲಿತ್ತು, ಆ ಕಟ್ಟಡಕ್ಕೆ ಅದೇ ಕೊನೆಯದು, ಅಲ್ಲಿದ್ದದ್ದೂ ಮಗಳ ಕಂಪನಿಯ ಲಿಫ್ಟೇ. ಈಗ ಅಮ್ಮ ಮಂಡಿಯ ಆಪರೇಷನ್ ಮಾಡಿಸಿಕೊಂಡು ಆಸ್ಪತ್ರೆಯಲ್ಲಿದ್ದಳು. ಇನ್ನು ಮೆಟ್ಟಿಲು ಹತ್ತಕೂಡದೆಂದು ಡಾಕ್ಟರು ಹೇಳಿದ್ದರು. ಮುಂದಿನ ವಾರ ಮನೆಗೆ ಕಳಿಸುವವರಿದ್ದರು.

ಮಗಳು ಲಿಫ್ಟಿನ ಪ್ರೋಗ್ರಾಮಿನ ಕೋಡು ತೆರೆದು ನೋಡಿದಳು. 'ಕ್ಷ ಎಂಬುದು ಕೊನೆಯ ಮಹಡಿಗಿಂತ ಕಡಿಮೆಯಿದ್ದರೆ ಹೋಗು' ಎಂದಿತ್ತು; ಕ್ಷ ಎಂದರೆ ಹತ್ತಿದವರು ಗುಂಡಿ ಒತ್ತಿ ಕೇಳಿದ ಮಹಡಿಯ ಸಂಖ್ಯೆ. 'ಕಡಿಮೆ ಅಥವಾ ಸಮ' ಎಂದಿರಬೇಕಿತ್ತು. ಬಿಟ್ಟುಹೋಗಿದ್ದದ್ದು ಒಂದು ಸಮಚಿಹ್ನೆ, ಅಂದರೆ ಎರಡು ಪುಟ್ಟ ಗೆರೆ. ಅದನ್ನು ಸೇರಿಸಿ ರಿವ್ಯೂಗೆ ಕಳಿಸಿದಳು. ಆ ಕಂಪನಿಯಲ್ಲಿ ಯಾರು ಏನು ಬರೆದರೂ ಇನ್ನಿಬ್ಬರು ಓದಿ 'ಒಪ್ಪಿದೆ' ಎನ್ನದೆ ಅದು ಲಿಫ್ಟಿನ ಮುಖ ನೋಡುವಂತಿರಲಿಲ್ಲ.

ಮೊದಲನೆಯವರು ಓರಣ ಸಾರ್. ಅವರ ಮೇಜಿನ ಮೇಲೆ ಪೆನ್ನುಗಳು ಕೂಡ ಎತ್ತರದ ಪ್ರಕಾರ ಮಲಗಿರುತ್ತವೆ. ಅವಳ ಕುರ್ಚಿಯ ಪಕ್ಕ ಬಂದು ನಿಂತರು.

"ಸಮಚಿಹ್ನೆ ಚೆನ್ನಾಗಿದೆ ಮೇಡಂ. ಆದ್ರೆ ಈ 'ಕ್ಷ' ಅಂದ್ರೆ ಏನು? ಹೇಗೂ ಕೈ ಹಾಕಿದ್ದೀರಲ್ಲ, ಅದಕ್ಕೊಂದು ಹೆಸರಿಟ್ಟುಬಿಡಿ."

'ಹೇಗೂ' ಎಂಬುದು ಆ ಕಚೇರಿಯಲ್ಲಿ ಬಾಯಿಮಾತಲ್ಲ, ನಿಯಮ. ಕಟ್ಟು ಹಾಕಿಸಿ ಗೋಡೆಗೆ ತಗುಲಿಸಿದ್ದರು: "ಯಾವುದೇ ಸಾಲನ್ನು ಮುಟ್ಟಿದವರು, ಹೇಗೂ ಮುಟ್ಟಿರುವುದರಿಂದ, ಅಕ್ಕಪಕ್ಕದ ಸಾಲುಗಳನ್ನೂ ಚೊಕ್ಕಗೊಳಿಸತಕ್ಕದ್ದು. ಅಕ್ಕಪಕ್ಕದ ಸಾಲುಗಳಿಗೂ ಅಕ್ಕಪಕ್ಕಗಳಿರುತ್ತವೆ ಎಂಬುದನ್ನು ಗಮನದಲ್ಲಿಡತಕ್ಕದ್ದು."

ಅವಳು 'ಮಹಡಿ' ಎಂದು ಹೆಸರಿಟ್ಟಳು. ಎರಡನೆಯ ರಿವ್ಯೂ ಅಲ್ಪವಿರಾಮ ಮೇಡಂ ಅವರದು. ಬೇರೆಯವರ ಬರಹದಲ್ಲಿ ಒಂದಾದರೂ ಅಲ್ಪವಿರಾಮ ತಪ್ಪಿರುವುದು ಸಿಗದಿದ್ದರೆ ಅವರಿಗೆ ಊಟ ಸೇರುವುದಿಲ್ಲ.

"ನೆಲಮಟ್ಟಾನ ಯಾರಾದ್ರೂ ಮಹಡಿ ಅಂತಾರೇನ್ರೀ? ಸೊನ್ನೆಗೆ ಅನ್ಯಾಯ ಆಗುತ್ತೆ. 'ಅಂತಸ್ತು' ಅಂತ ಹಾಕಿ."

'ಅಂತಸ್ತು' ಎಂದಾಯಿತು. ಮೂರನೆಯ ಮಹಡಿಯಲ್ಲಿ ಕೂರುವ ಮ್ಯಾನೇಜರು ಪರದೆಯ ಮೇಲೆ 'ಅಂತಸ್ತು ಮೂರು' ಎಂದಿದ್ದದ್ದನ್ನು ನೋಡಿ ಮುಖ ಸಣ್ಣದು ಮಾಡಿಕೊಂಡರು. "ಅಕೌಂಟ್ಸ್‌ನವರು ಆರನೇ ಮಹಡೀಲಿದ್ದಾರೆ. ಹಾಗಾದ್ರೆ ಅವರ ಅಂತಸ್ತು ನನ್ನದರ ಎರಡರಷ್ಟಾ?"

ಸಭೆ ಸೇರಿತು. ಯಾರ ಮನಸ್ಸೂ ನೋಯದಂತೆ 'ಕ್ಷ' ಎಂದು ಇಡುವುದಾಗಿ ತೀರ್ಮಾನವಾಯಿತು. ಮೊದಲೂ ಅದೇ ಇತ್ತಲ್ಲ ಎಂದು ಅವಳು ಅಂದದ್ದಕ್ಕೆ ಓರಣ ಸಾರ್, "ಅದು ಯೋಚನೆ ಇಲ್ಲದ ಕ್ಷ. ಇದು ಚರ್ಚೆ ಆಗಿ ಬಂದ ಕ್ಷ," ಎಂದು ತಿಳಿಹೇಳಿದರು.

ಹೇಗೂ ಕ್ಷ ಆಯಿತಲ್ಲ ಎಂದು ಬಾಗಿಲಿನ ಕೋಡು, ಹೇಗೂ ಬಾಗಿಲಾಯಿತಲ್ಲ ಎಂದು ಗಂಟೆಯ ಕೋಡು ತಿದ್ದಿಸಿದರು. ಆಸ್ಪತ್ರೆಯಿಂದ ಅಮ್ಮ ಫೋನ್ ಮಾಡಿದಳು.

"ಏನಾಯ್ತೇ ನನ್ನ ಲಿಫ್ಟು?"

"ಆಗ್ತಾ ಇದೆ ಅಮ್ಮ. ಇವತ್ತು ಗಂಟೆ ಬಾರಿಸೋ ಭಾಗಾನ ಎರಡಾಗಿ ಒಡೆದೆ."

"ಯಾಕೇ ಒಡೆದೆ? ಚೆನ್ನಾಗೇ ಬಾರಿಸ್ತಿತ್ತಲ್ಲ."

"ಈಗ್ಲೂ ಹಾಗೇ ಬಾರಿಸುತ್ತೆ. ಅದೇ ಅದರ ಹೆಚ್ಚುಗಾರಿಕೆ."

"ಊಟ ಸರಿಯಾಗಿ ಮಾಡ್ತಿದ್ದೀಯಾ ತಾನೇ?" ಎಂದಳು ಅಮ್ಮ.

ಅಮ್ಮ ಮನೆಗೆ ಬರುವ ಹಿಂದಿನ ದಿನ ಕೊನೆಯ ರಿವ್ಯೂ ನಡೆಯಿತು. ಪರದೆಯ ಮೇಲೆ ಸಾಲುಗಳು ತಲೆ ಬಾಚಿಕೊಂಡು ನಿಂತ ಮಕ್ಕಳಂತಿದ್ದವು. ಓರಣ ಸಾರ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಆಮೇಲೆ ಒಂದು ಕಡೆ ಬೆರಳಿಟ್ಟರು.

"ಇದೊಂದು ಸಮಚಿಹ್ನೆ ತೆಗೀಬೇಕಲ್ಲ ಮೇಡಂ."

"ಸಾರ್, ಶುರು ಮಾಡಿದ್ದೇ ಅದಕ್ಕೆ."

"ಆಗ ಅದು ರಿಪೇರಿ. ಈಗ ಇದು ರಿಫ್ಯಾಕ್ಟರಿಂಗ್. ರೂಪ ಬದಲಾಗಬಹುದು, ಮಾಡೋ ಕೆಲಸ ಬದಲಾಗಬಾರದು. ಇದೊಂದು ಇದ್ರೆ ಲಿಫ್ಟು ಹೋಗದೇ ಇದ್ದ ಕಡೆಗೆ ಹೋಗಿಬಿಡುತ್ತೆ."

"ಅಮ್ಮ ನಾಳೆ ಬರ್ತಾಳೆ ಸಾರ್."

"ಬರಲಿ, ಸಂತೋಷ. ಸಮಚಿಹ್ನೇನ ಬೇರೆಯಾಗಿ ಕಳಿಸಿ. ಹೇಗೂ ಆಗ ಎಲ್ಲಾನೂ ಇನ್ನೊಂದ್ಸಲ ನೋಡಿದ ಹಾಗಾಗುತ್ತೆ," ಎಂದರು ಅಲ್ಪವಿರಾಮ ಮೇಡಂ.

ಅವಳು ಪರದೆಯನ್ನೇ ನೋಡಿದಳು. ಅಷ್ಟು ಒಪ್ಪವಾದ ಸಾಲುಗಳ ನಡುವೆ ಆ ಎರಡು ಗೆರೆ ಹಲ್ಲಿಗೆ ಸಿಕ್ಕ ಕಲ್ಲಿನಂತೆ ಕಂಡವು. ಅಳಿಸಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು, ಅವಳೂ ತಟ್ಟಿದಳು.

ಮಾರನೆಯ ದಿನ ಲಿಫ್ಟು ಅಮ್ಮನನ್ನು ಮೂರನೆಯ ಮಹಡಿಯಲ್ಲಿ ಇಳಿಸಿ, ಮೊದಲಿನಂತೆಯೇ ಗಂಟೆ ಬಾರಿಸಿತು. ಮಗಳು ಅಲ್ಲೇ ಬಾಗಿಲೆದುರು ಮಂಚ ಹಾಕಿದಳು, ಸ್ಟೌ ಇಟ್ಟಳು. ಕಟ್ಟಡದ ಸಂಘದವರು ಪ್ರಕಟಣೆ ಅಂಟಿಸಿದರು: "ಇನ್ನು ಮುಂದೆ ಮೂರನೆಯ ಮಹಡಿಯ ಲಿಫ್ಟಿನೆದುರಿನ ಜಾಗವನ್ನು ನಾಲ್ಕನೆಯ ಮಹಡಿಯೆಂದು ಪರಿಗಣಿಸತಕ್ಕದ್ದು. ಹಾದುಹೋಗುವವರು ಚಪ್ಪಲಿ ಬಿಟ್ಟು ಹೋಗತಕ್ಕದ್ದು." ಜನ ಚಪ್ಪಲಿ ಬಿಟ್ಟು, ಅಮ್ಮನ ಮಂಡಿಯ ಕ್ಷೇಮ ವಿಚಾರಿಸಿ ಮುಂದೆ ಹೋಗತೊಡಗಿದರು.

ಒಂದು ಸಂಜೆ ಅಮ್ಮ, "ಮೇಲಿನ ಬಲ್ಬು ಹೋಗಿದೆ ಕಣೇ, ಹೊಸದು ಹಾಕು," ಎಂದಳು.

ಮಗಳು ಹೊಸ ಬಲ್ಬು ಹಿಡಿದು ಸ್ಟೂಲು ಹತ್ತಿದಳು. ಹೇಗೂ ಹತ್ತಿದ್ದಾಳಲ್ಲ, ಹೋಲ್ಡರಿನ ಜೇಡರಬಲೆ ತೆಗೆದಳು. ಸೊಟ್ಟಗಿದ್ದ ವೈರು ನೆಟ್ಟಗೆ ಮಾಡಿದಳು. ಹಳೆಯ ಬಲ್ಬನ್ನು ಬಿಚ್ಚಿ, ಸೆರಗಿನಲ್ಲಿ ಫಳಫಳ ಒರೆಸಿ, ಅದನ್ನೇ ಮತ್ತೆ ಸಿಕ್ಕಿಸಿ, ಹೊಸದನ್ನು ಕೈಯಲ್ಲೇ ಹಿಡಿದುಕೊಂಡು ಇಳಿದಳು.

ಕಿಟಕಿಯಿಂದ ಬರುತ್ತಿದ್ದ ಅಳಿದುಳಿದ ಬೆಳಕಿನಲ್ಲಿ ಅಮ್ಮ ಕತ್ತೆತ್ತಿ ನೋಡಿದಳು.

"ಉರಿಯೋದಿಲ್ಲ ನಿಜ," ಅಂದಳು. "ಆದ್ರೆ ಎಷ್ಟು ಚೊಕ್ಕವಾಗಿದೆ."